ಹಳೇ ಕಾರಿನ ಸೀಟು ಅಲ್ಲಾಡುತ್ತಿದ್ದರೆ: ಬೋಲ್ಟಿನ ಕೆಳಗಿನ ದೋಷ ಹುಡುಕುವುದು, ಸರಿಪಡಿಸುವುದು

ಬ್ರೇಕ್ ಒತ್ತಿದಾಗ ಸೀಟು ಸ್ವಲ್ಪ ಮುಂದಕ್ಕೆ ಜರುಗಿದಂತೆ ಅನಿಸುತ್ತದೆ. ಕ್ಲಚ್ ತುಳಿದಾಗ ಬೆನ್ನು ಹಿಂದಕ್ಕೆ ವಾಲುತ್ತದೆ. ಹಂಪ್ ದಾಟುವಾಗ ಸೀಟಿನ ಅಡಿಯಿಂದ ‘ಟಕ್’ ಎಂದು ಸದ್ದು ಬರುತ್ತದೆ. ಹಳೇ ಕಾರಲ್ವಾ, ಇರಲಿ ಬಿಡು ಎಂದು ಎಷ್ಟೋ ಜನ ಹಾಗೇ ಓಡಿಸುತ್ತಾರೆ. ಇನ್ನು ಕೆಲವರು ಸ್ಪ್ಯಾನರ್ ಹಿಡಿದು ನಾಲ್ಕೂ ಬೋಲ್ಟ್ ಬಿಗಿ ಮಾಡಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಹೀಗೆ ಬಿಗಿ ಮಾಡುವುದು ಹಾಗೇ ಬಿಡುವುದಕ್ಕಿಂತ ಅಪಾಯ ಎಂದು ನನಗನಿಸುತ್ತದೆ. ದೋಷ ಹಾಗೇ ಉಳಿದು, ಅದನ್ನು ತೋರಿಸುತ್ತಿದ್ದ ಸದ್ದು ಮಾತ್ರ ನಿಲ್ಲುತ್ತದೆ.

ಸೀಟಿನ ಬೋಲ್ಟ್ ತಾನಾಗಿ ಸೋಲುವುದು ಬಹಳ ಕಡಿಮೆ. ತಲೆಯ ಮೇಲೆ 8.8 ಎಂದು ಬಲದ ದರ್ಜೆ ಬರೆದಿರುವ ಎಂ10 (10 ಮಿಮೀ ದಪ್ಪದ) ಬೋಲ್ಟನ್ನೇ ತೆಗೆದುಕೊಳ್ಳಿ. ಅದನ್ನು ಎಳೆದು ತುಂಡು ಮಾಡಲು ಸುಮಾರು 46,000 ನ್ಯೂಟನ್ ಬೇಕು. ಅಂದರೆ ನಾಲ್ಕೂವರೆ ಟನ್ನಿಗೂ ಜಾಸ್ತಿ. ಆದರೆ ಆ ಬೋಲ್ಟ್ ಕಚ್ಚಿಕೊಂಡಿರುವುದು ಒಂದು ನಟ್ಟಿಗೆ. ನಟ್ಟನ್ನು ಬಲಪಡಿಸುವ ಪ್ಲೇಟಿಗೆ ವೆಲ್ಡ್ ಮಾಡಿರುತ್ತಾರೆ. ಪ್ಲೇಟು ಕೂತಿರುವುದು ಹೆಚ್ಚುಕಡಿಮೆ 1 ಮಿಮೀ ದಪ್ಪದ ಫ್ಲೋರ್ ತಗಡಿಗೆ ಅಥವಾ ಕ್ರಾಸ್ ಮೆಂಬರ್ ಎನ್ನುವ ಅಡ್ಡ ತೊಲೆಗೆ. ಹೊರೆ ಸಾಗುವುದು ಇದೇ ದಾರಿಯಲ್ಲಿ: ರೈಲ್ (ಸೀಟು ಮುಂದೆ ಹಿಂದೆ ಜಾರುವ ಹಳಿ), ಬೋಲ್ಟ್, ನಟ್, ಪ್ಲೇಟ್, ತಗಡು, ತೊಲೆ. ಅದರಲ್ಲಿ ಯಾವ ಕೊಂಡಿ ಬಿಟ್ಟಿದೆ ಎಂದು ಮೊದಲು ತಿಳಿಯಬೇಕು. ಕಣ್ಣಿಗೆ ಕಾಣುವ ಜಾಗಕ್ಕಿಂತ ಒಂದು ಪದರ ಕೆಳಗೇ ದೋಷ ಇರುವುದು ಜಾಸ್ತಿ.

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಎಂದು ಕೇಳಬಹುದು. ವಿಶ್ವಸಂಸ್ಥೆಯ ವಾಹನ ನಿಯಮಗಳ ಪ್ರಕಾರ ಸೀಟಿನ ಹಿಡಿತ, ಗುರುತ್ವದ 20 ಪಟ್ಟು ವೇಗತಗ್ಗುವಿಕೆಯನ್ನು ತಾಳಬೇಕು. ಕಾರಿನ ಮೂರು ಬಿಂದುವಿನ ಬೆಲ್ಟಿನ ಕೊಂಡಿಗಳನ್ನು ಪರೀಕ್ಷಿಸುವಾಗ ಎದೆಯ ಪಟ್ಟಿಗೆ ಸುಮಾರು 13,500 ನ್ಯೂಟನ್, ಸೊಂಟದ ಪಟ್ಟಿಗೆ ಅಷ್ಟೇ ಎಳೆತ ಕೊಡುತ್ತಾರೆ. ಬೆಲ್ಟಿನ ಬಕಲ್ ಸೀಟಿನ ಫ್ರೇಮಿಗೇ ಇದ್ದರೆ, ಆ ಎಳೆತದ ದೊಡ್ಡ ಪಾಲು ಸೀಟಿನ ಬೋಲ್ಟುಗಳ ಮೂಲಕವೇ ಫ್ಲೋರಿಗೆ ಇಳಿಯುತ್ತದೆ. ನಿಮ್ಮ ಕಾರಿನಲ್ಲಿ ಬಕಲ್ ಎಲ್ಲಿದೆ ಎಂದು ಈಗಲೇ ಒಮ್ಮೆ ಬಗ್ಗಿ ನೋಡಿ. ಸೀಟಿನ ಮೇಲಿದ್ದರೆ ಮುಂದೆ ಹೇಳುವ ಯಾವ ಹೆಜ್ಜೆಯಲ್ಲೂ ರಾಜಿ ಬೇಡ.

ಮೊದಲು ಸೀಟೋ ಫ್ಲೋರೋ ತೀರ್ಮಾನಿಸಿ

ಅಲ್ಲಾಡುವ ಸೀಟೆಲ್ಲ ಬುಡದಲ್ಲೇ ಸಡಿಲ ಇರಬೇಕೆಂದಿಲ್ಲ. ರೈಲಿನೊಳಗಿನ ರೋಲರ್ ಅಥವಾ ಪ್ಲಾಸ್ಟಿಕ್ ತುಂಡು ಸವೆದಿರಬಹುದು. ಬೆನ್ನಿನ ಭಾಗ ಮಡಚುವ ಕೀಲು ಸಡಿಲ ಆಗಿರಬಹುದು. ಇದನ್ನು ಬೇರೆ ಮಾಡಲು ಇಬ್ಬರು ಬೇಕು. ಒಬ್ಬರು ಕೂತು ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ವಾಲಲಿ. ಇನ್ನೊಬ್ಬರು ರೈಲಿನ ಪಾದ ಫ್ಲೋರಿಗೆ ಕೂರುವ ಜಾಗದಲ್ಲಿ ಬೆರಳಿಡಲಿ. ಅರ್ಧ ಬೆರಳು ಪಾದದ ಮೇಲೆ, ಅರ್ಧ ಫ್ಲೋರಿನ ಮೇಲೆ. ಎರಡರ ನಡುವೆ ಚಲನೆ ಗೊತ್ತಾದರೆ ಬೋಲ್ಟ್ ಅಥವಾ ನಟ್ಟಿನ ಮೇಲೆ ಅನುಮಾನ. ಪಾದವೂ ಫ್ಲೋರೂ ಒಟ್ಟಿಗೆ ಏಳುತ್ತಾ ಇಳಿಯುತ್ತಾ ಇದ್ದರೆ ತಗಡೇ ಹರಿಯುತ್ತಿದೆ. ಪಾದ ಗಟ್ಟಿಯಾಗಿದ್ದು ಮೇಲಿನ ರೈಲು ಮಾತ್ರ ಅಲ್ಲಾಡಿದರೆ ಸಮಸ್ಯೆ ಸೀಟಿನದು.

ಸದ್ದು ಯಾವಾಗ ಬರುತ್ತದೆ ಎನ್ನುವುದೂ ದಾರಿ ತೋರಿಸುತ್ತದೆ. ಬೆನ್ನಿಗೆ ಒತ್ತು ಬಿದ್ದಾಗ ಸೀಟು ಹಿಂದಕ್ಕೆ ಮಗುಚಲು ನೋಡುತ್ತದೆ, ಮುಂದಿನ ಬೋಲ್ಟುಗಳು ಮೇಲಕ್ಕೆ ಎಳೆಯಲ್ಪಡುತ್ತವೆ. ಹಾಗಾಗಿ ಕ್ಲಚ್ ತುಳಿಯುವಾಗ ಸದ್ದು ಬಂದರೆ ಮುಂದಿನ ಎರಡನ್ನು ಮೊದಲು ನೋಡಿ. ಪಕ್ಕದ ಸೀಟಿನಲ್ಲಿ ಯಾರೋ ಕೂತಿರುವಾಗ ಬ್ರೇಕ್ ಹಾಕಿದರೆ ಸದ್ದು ಬಂತು ಅನ್ನಿ, ಆಗ ಹಿಂದಿನ ಎರಡು. ಡ್ರೈವರ್ ಸೀಟಿನಲ್ಲಿ ಬ್ರೇಕಿನ ಲೆಕ್ಕ ಅಷ್ಟು ಸರಳ ಅಲ್ಲ. ಮೈ ಮುಂದೆ ಹೋಗುತ್ತದೆ, ಪೆಡಲ್ ತುಳಿದ ಕಾಲು ಬೆನ್ನನ್ನು ಹಿಂದಕ್ಕೆ ಒತ್ತುತ್ತದೆ. ಅಲ್ಲಿ ಕ್ಲಚ್ಚಿನ ಪರೀಕ್ಷೆಯನ್ನೇ ನಂಬಿ.

ಸೀಟನ್ನು ಮುಂದೆ ಹಿಂದೆ ಸರಿಸುವಾಗ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಲೀಸು ಅನಿಸಿದರೆ ಅದನ್ನೂ ಕಡೆಗಣಿಸಬೇಡಿ. ಎರಡು ರೈಲುಗಳು ಸಮಾನಾಂತರ ತಪ್ಪಿವೆ ಎಂದು ಅರ್ಥ. ಒಂದೋ ರೈಲು ಬಗ್ಗಿದೆ, ಇಲ್ಲವೇ ಒಂದು ಮೂಲೆಯಲ್ಲಿ ಫ್ಲೋರ್ ಕುಸಿದಿದೆ.

ಸೀಟು ಬಿಚ್ಚುವಾಗ

ಸೀಟಿನ ಅಡಿಯಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ನಿಲ್ಲಿ. ಅದು ಸಾಮಾನ್ಯವಾಗಿ ಸೈಡ್ ಏರ್‌ಬ್ಯಾಗ್ ಅಥವಾ ಬೆಲ್ಟ್ ಎಳೆಯುವ ಸಿಡಿಮದ್ದಿನ ಸಾಧನದ್ದು. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ತಯಾರಕರ ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಕನೆಕ್ಟರ್ ಕಳಚಿ. ಸೀಟು ಹೊರಗಿರುವಾಗ ಕೀ ಆನ್ ಮಾಡಬೇಡಿ. ಮಾಡಿದರೆ ಏರ್‌ಬ್ಯಾಗ್ ದೀಪ ಉರಿದು ಹಾಗೇ ನಿಲ್ಲಬಹುದು.

ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಸಾಧ್ಯವಾದರೆ ಕಾರಿನ ಅಡಿಯಿಂದಲೂ. ಬಡಿದು ಬಡಿದು ಬೋಲ್ಟ್ ತಿರುಗಿಸುವ ಇಂಪ್ಯಾಕ್ಟ್ ಗನ್ನಿನಿಂದ ಶುರು ಮಾಡಬೇಡಿ. ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಕಾಲು ಸುತ್ತು ಬಿಚ್ಚಿ, ಸ್ವಲ್ಪ ಬಿಗಿದು, ಮತ್ತೆ ಬಿಚ್ಚಿ. ಕೈಗೆ ಸಿಗುವ ಸುಳಿವು ಗನ್ನಿಗೆ ಸಿಗುವುದಿಲ್ಲ. ಬೋಲ್ಟ್ ಒಂದೇ ಸಮ ಬಿಗಿಯಾಗಿ ಬಂದರೆ ತುಕ್ಕು. ತಿರುಗುತ್ತದೆ ಆದರೆ ಮೇಲೆ ಬರುತ್ತಿಲ್ಲ ಎಂದರೆ ಥ್ರೆಡ್ (ಬೋಲ್ಟ್, ನಟ್ಟಿನ ಸುರುಳಿ ಎಳೆ) ಹೋಗಿದೆ, ಇಲ್ಲವೇ ನಟ್ ಜೊತೆಗೇ ಸುತ್ತುತ್ತಿದೆ. ಮೊದಲು ಗಟ್ಟಿ ಇದ್ದು, ‘ಪಟ್’ ಎಂದು ಸದ್ದಾಗಿ ನಂತರ ಸಲೀಸಾಗಿ ಸುತ್ತಲು ಶುರುವಾದರೆ ನಟ್ಟಿನ ವೆಲ್ಡ್ ಈಗ ತಾನೇ ಬಿಟ್ಟಿದೆ.

ಯಾವ ಬೋಲ್ಟ್ ಯಾವ ಮೂಲೆಯದು ಎಂದು ಗುರುತು ಹಾಕಿ ಇಡಿ. ನಾಲ್ಕನ್ನೂ ಒಂದೇ ಡಬ್ಬಿಗೆ ಸುರಿದರೆ ಅರ್ಧ ಸಾಕ್ಷಿ ಕಳೆದುಹೋಗುತ್ತದೆ.

ಬಿಚ್ಚಿದ ಬೋಲ್ಟನ್ನು ಓದುವುದು

ನನಗೆ ಈ ಇಡೀ ಕೆಲಸದಲ್ಲಿ ಹೆಚ್ಚು ಇಷ್ಟವಾಗುವ ಭಾಗ ಇದು. ಯಾಕೆಂದರೆ ಇಲ್ಲಿ ಏನನ್ನೂ ಕತ್ತರಿಸದೆ ಬಹಳಷ್ಟು ತಿಳಿಯುತ್ತದೆ.

ಬೋಲ್ಟನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ನಟ್ ಕಚ್ಚಿದ್ದ ಉದ್ದ ಹೊಳೆಯುತ್ತಿರುತ್ತದೆ, ಉಳಿದದ್ದು ಮಂಕಾಗಿರುತ್ತದೆ. ಎಂ10 ನಟ್ಟಿನ ದಪ್ಪ ಸುಮಾರು 8 ಮಿಮೀ. ಹೊಳೆಯುವ ಭಾಗ ಅಷ್ಟೇ ಇರಬೇಕು. ತುದಿಯಲ್ಲಿ ಬರೀ 3-4 ಮಿಮೀ ಮಾತ್ರ ಹೊಳೆಯುತ್ತಿದ್ದರೆ ಬೋಲ್ಟ್ ಗಿಡ್ಡ. ಸೀಟು ಎತ್ತರ ಮಾಡಲೆಂದು ಯಾರೋ ರೈಲಿನ ಕೆಳಗೆ ವಾಷರ್ ಪೇರಿಸಿದಾಗ ಹೀಗಾಗುತ್ತದೆ. ಎರಡು ಮೂರು ಎಳೆಯೇ ಇಡೀ ಹೊರೆ ಹೊತ್ತು, ಕೊನೆಗೆ ಉದುರಿ ಹೋಗುತ್ತವೆ.

ಎಳೆಗಳ ನಡುವೆ ಸುರುಳಿಯಂತೆ ತೆಳು ಲೋಹ ಸಿಕ್ಕಿಕೊಂಡಿದ್ದರೆ ಅದು ನಟ್ಟಿನ ಥ್ರೆಡ್. ಬೋಲ್ಟ್ ಚೆನ್ನಾಗಿದೆ, ನಟ್ ಹೋಗಿದೆ. ಬೋಲ್ಟಿನ ಒಂದು ಮಗ್ಗುಲು ಮಾತ್ರ ಸವೆದಿದ್ದರೆ ಅದು ಬಹಳ ಕಾಲ ಸಡಿಲವಿದ್ದು ತೂತಿನ ಅಂಚಿಗೆ ಉಜ್ಜಿಕೊಂಡಿದೆ. ಆಗ ರೈಲಿನ ಪಾದದ ತೂತನ್ನೂ ನೋಡಿ, ಅದು ಮೊಟ್ಟೆಯಾಕಾರಕ್ಕೆ ತಿರುಗಿರಬಹುದು. ಕಾರ್ಖಾನೆಯಿಂದಲೇ ಉದ್ದನೆಯ ತೂತು ಇರುವ ಪಾದಗಳೂ ಇವೆ. ಅಂಥವುಗಳ ಅಂಚು ನಯವಾಗಿರುತ್ತದೆ, ಸವೆದ ತೂತಿನ ಅಂಚು ಮೊಂಡಾಗಿ ಉಬ್ಬಿರುತ್ತದೆ.

ಆಮೇಲೆ ಪಿಚ್, ಅಂದರೆ ಒಂದು ಎಳೆಯಿಂದ ಮುಂದಿನ ಎಳೆಗಿರುವ ದೂರ ಅಳೆಯಿರಿ. ಎಂ10ರಲ್ಲಿ 1.25 ಮತ್ತು 1.5 ಮಿಮೀ ಎರಡೂ ಬಳಕೆಯಲ್ಲಿವೆ. ಒಂದು ಎಳೆಯಿಂದ ಹತ್ತನೇ ಮುಂದಿನ ಎಳೆಯವರೆಗೆ ಅಳೆದರೆ ಮೊದಲನೆಯದಕ್ಕೆ 12.5 ಮಿಮೀ, ಎರಡನೆಯದಕ್ಕೆ 15 ಮಿಮೀ ಬರುತ್ತದೆ. ನಾಲ್ಕು ಬೋಲ್ಟಿನಲ್ಲಿ ಒಂದು ಬೇರೆ ಪಿಚ್ಚಿನದಾಗಿದ್ದರೆ ಥ್ರೆಡ್ ಹಾಳಾದ ಕಾರಣ ನಿಮ್ಮ ಕೈಯಲ್ಲೇ ಇದೆ. ಬೆಲ್ಟಿನ ಬೋಲ್ಟುಗಳ ವಿಷಯದಲ್ಲಿ ಇನ್ನೊಂದು ತೊಡಕು. ಅವು ಬಹಳ ಕಾರುಗಳಲ್ಲಿ 7/16 ಇಂಚಿನವು, ಇಂಚಿಗೆ 20 ಎಳೆ. ಆ ತೂತಿಗೆ ಎಂ10 ಬೋಲ್ಟ್ ಹಾಕಿದರೆ ಸುತ್ತಿದಂತೆ ಕಾಣುತ್ತದೆ, ಆದರೆ ಕಚ್ಚುವುದು ಹೆಸರಿಗಷ್ಟೇ. ಬೆಲ್ಟ್ ಮತ್ತು ಸೀಟಿನ ಬೋಲ್ಟುಗಳನ್ನು ಎಂದಿಗೂ ಅದಲುಬದಲು ಮಾಡಬೇಡಿ.

ನಟ್ ಸುತ್ತುತ್ತಿದ್ದರೆ

ಒಂದು ಎಚ್ಚರಿಕೆ: ಕೆಲವು ಕಾರುಗಳಲ್ಲಿ ನಟ್ಟನ್ನು ಸಣ್ಣ ತಗಡಿನ ಪಂಜರದಲ್ಲಿ ಕೂರಿಸಿರುತ್ತಾರೆ. ಅದು ಒಂದೆರಡು ಮಿಲಿಮೀಟರ್ ಅತ್ತಿತ್ತ ಸರಿಯುವುದು ಸಹಜ, ಬೋಲ್ಟ್ ಸಾಲಿಗೆ ಬರಲೆಂದೇ ಹಾಗೆ ಮಾಡಿದ್ದಾರೆ. ಸರಿದರೆ ತೊಂದರೆ ಇಲ್ಲ, ಗಿರಗಿರ ತಿರುಗಿದರೆ ಪಂಜರ ಒಡೆದಿದೆ.

ಅಡಿಯಿಂದ ನಟ್ ಕೈಗೆ ಸಿಗುವುದಾದರೆ ವೈಸ್ ಗ್ರಿಪ್ ಹಿಡಿದು ಬಿಚ್ಚಬಹುದು. ಮುಚ್ಚಿದ ತೊಲೆಯೊಳಗಿದ್ದರೆ ಬೋಲ್ಟಿನ ತಲೆಯ ಕೆಳಗೆ ಚಪ್ಪಟೆ ಕಬ್ಬಿಣ ತೂರಿಸಿ ಮೇಲಕ್ಕೆ ಮೀಟುತ್ತಾ ಬಿಚ್ಚಿ. ನಟ್ ತಗಡಿಗೆ ಒತ್ತಿಕೊಂಡು ಕೆಲವೊಮ್ಮೆ ನಿಲ್ಲುತ್ತದೆ. ಅದೂ ಆಗದಿದ್ದರೆ ತಲೆಯನ್ನು ಗ್ರೈಂಡರಿನಿಂದ ತೆಗೆಯಬೇಕು. ಒಳಗೆ ಬಿದ್ದ ನಟ್ಟನ್ನು ಮ್ಯಾಗ್ನೆಟ್ಟಿನಿಂದ ಎತ್ತಿ. ಒಳಗೇ ಬಿಟ್ಟರೆ ಮುಂದೆ ಅದರ ಕಟಕಟ ಸದ್ದಿಗೆ ಮತ್ತೆ ಸೀಟು ಬಿಚ್ಚಬೇಕಾಗುತ್ತದೆ.

ಮುರಿದು ಒಳಗುಳಿದ ಬೋಲ್ಟಿಗೆ ಒಳ್ಳೆಯ ದಾರಿ, ಅದರ ತುದಿಗೆ ಹೊಸ ನಟ್ ವೆಲ್ಡ್ ಮಾಡಿ ಆರುವಷ್ಟರಲ್ಲಿ ತಿರುಗಿಸುವುದು. ವೆಲ್ಡಿನ ಕಾವೇ ತುಕ್ಕಿನ ಹಿಡಿತ ಸಡಿಲಿಸುತ್ತದೆ.

ತಗಡನ್ನು ಪರೀಕ್ಷಿಸುವುದು

ಕಾರ್ಪೆಟ್, ಸ್ಪಂಜು, ಟಾರಿನ ಹಾಳೆ ಎಲ್ಲ ಎತ್ತಿ. ಪ್ರತಿ ಬೋಲ್ಟಿನ ಸುತ್ತ ಕನಿಷ್ಠ 30 ಸೆಂಮೀ ಬರಿ ಲೋಹ ಕಾಣಬೇಕು. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲೂ ಬೆಲ್ಟಿನ ಕೊಂಡಿಯಿಂದ 30 ಸೆಂಮೀ ಒಳಗಿನ ತುಕ್ಕನ್ನು ಬೇರೆ ಕಡೆಯ ತುಕ್ಕಿಗಿಂತ ಗಂಭೀರವಾಗಿ ನೋಡುತ್ತಾರೆ.

ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಖಣಿ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದಪ್ ಎನ್ನುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮ್ಯಾಗ್ನೆಟ್ ಅಂಟದ ಜಾಗದಲ್ಲಿ ಪುಟ್ಟಿ ಅಥವಾ ಫೈಬರ್ ಇದೆ, ಅಂದರೆ ಹಿಂದೆ ಯಾರೋ ಮುಚ್ಚಿಹಾಕಿದ್ದಾರೆ. ಕೆಳಗಿನಿಂದ ದಪ್ಪ ಹೊಸ ಅಂಡರ್‌ಕೋಟಿಂಗ್ ಸೀಟಿನ ಕೆಳಗೆ ಮಾತ್ರ ಇದ್ದರೂ ಅದೇ ಅನುಮಾನ ಪಡಿ.

ಎರಡು ತಗಡಿನ ನಡುವಿನ ತುಕ್ಕು ಎಲ್ಲಕ್ಕಿಂತ ಕೆಟ್ಟದು. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದು ಉಬ್ಬುತ್ತಾ ಪ್ಲೇಟನ್ನು ಫ್ಲೋರಿನಿಂದ ದೂರ ತಳ್ಳುತ್ತದೆ, ಎರಡು ತಗಡನ್ನು ಚುಕ್ಕೆ ಚುಕ್ಕೆಯಾಗಿ ಬೆಸೆದ ಸ್ಪಾಟ್ ವೆಲ್ಡುಗಳು ಒಂದೊಂದಾಗಿ ಬಿಡುತ್ತವೆ. ಮೇಲಿಂದ ನೋಡಿದರೆ ಪೇಂಟ್ ಕೂಡ ಹಾಗೇ ಇರಬಹುದು. ಪ್ಲೇಟಿನ ಅಂಚಿಗೆ ತೆಳು ಬ್ಲೇಡ್ ತೂರಿಸಿ ನೋಡಿ. ಒಳಗೆ ಹೋಗಿ ಕಂದು ಪುಡಿ ಉದುರಿದರೆ ಆ ಪ್ಲೇಟ್ ತೆಗೆಯಲೇಬೇಕು.

ತುಕ್ಕೇ ಇಲ್ಲದ ಕಾರಿನಲ್ಲೂ ಬಿರುಕು ಬರುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಾ ಇದ್ದರೆ ತುಂಡಾಗುವ ಹಾಗೆ, ಹತ್ತಿ ಇಳಿಯುವ ಪ್ರತಿ ಸಲವೂ ಬಾಗುವ ತಗಡು ದಣಿಯುತ್ತದೆ. ಬಿರುಕು ಶುರುವಾಗುವುದು ಹೆಚ್ಚಾಗಿ ಪ್ಲೇಟ್ ಮುಗಿಯುವ ಗೆರೆಯಲ್ಲಿ ಅಥವಾ ಸ್ಪಾಟ್ ವೆಲ್ಡಿನ ಅಂಚಿನಲ್ಲಿ. ದಪ್ಪ ಲೋಹ ನಿಂತು ತೆಳು ಲೋಹ ಶುರುವಾಗುವ ಜಾಗ ಅದು. ಕೂದಲಿನಷ್ಟು ಸಣ್ಣ ಬಿರುಕು ಹಿಡಿಯಲು ಹಳೇ ಉಪಾಯವೊಂದಿದೆ. ಲೋಹವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ. ಪೂರ್ತಿ ಒಣಗುವಂತೆ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಅಡಿಯಿಂದ ಮೆಲ್ಲಗೆ ತಟ್ಟಿ. ಬಿರುಕಿನಲ್ಲಿ ಉಳಿದ ಎಣ್ಣೆ ಹೊರಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ವೆಲ್ಡಿಂಗಿಗೆ ಮೊದಲು ಆ ಎಣ್ಣೆಯನ್ನು ಚೂರೂ ಬಿಡದೆ ತೆಗೆಯಬೇಕು.

ನೀರು ಎಲ್ಲಿಂದ ಬಂತು?

ತುಕ್ಕು ಸಿಕ್ಕಿದರೆ ನೀರಿನ ದಾರಿ ಹುಡುಕದೆ ವೆಲ್ಡಿಂಗಿಗೆ ಹೋಗಬೇಡಿ. ಸ್ಪಂಜು ಒದ್ದೆ ಇದ್ದರೆ ಮುಟ್ಟಿ, ಮೂಸಿ ನೋಡಿ. ಅಂಟಂಟಾಗಿ ಸಿಹಿ ವಾಸನೆ ಬಂದರೆ ಹೀಟರಿನಿಂದ ಸೋರುವ ಕೂಲೆಂಟ್. ಬಿಸಿಲಿನ ದಿನವೂ ಶುದ್ಧ ನೀರು ಇದ್ದರೆ ಏಸಿಯ ನೀರು ಹೊರಹೋಗುವ ಕೊಳವೆ ಕಟ್ಟಿದೆ. ಮಳೆಯ ನಂತರ ಮಾತ್ರ ಆದರೆ ಮುಂಗಾಜಿನ ರಬ್ಬರ್, ಬಾಗಿಲ ಒಳಗಿನ ಪ್ಲಾಸ್ಟಿಕ್ ಹಾಳೆ, ವೈಪರ್ ಕೆಳಗಿನ ಚರಂಡಿ, ಸನ್‌ರೂಫ್ ಇದ್ದರೆ ಅದರ ಕೊಳವೆ ಇವನ್ನು ಒಂದೊಂದಾಗಿ ಪೈಪಿನಿಂದ ನೀರು ಬಿಟ್ಟು ನೋಡಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಆಗ ಎಲ್ಲಿ ಸೋರುತ್ತದೆ ಎಂದು ಗೊಂದಲ ಆಗುವುದಿಲ್ಲ. ಫೋಕ್ಸ್‌ವ್ಯಾಗನ್ ಬೀಟಲ್‌ನಂಥ ಹಳೇ ಕಾರಿನಲ್ಲಿ ಬ್ಯಾಟರಿ ಹಿಂದಿನ ಸೀಟಿನ ಅಡಿಯಲ್ಲೇ ಇರುತ್ತದೆ. ಅಲ್ಲಿ ಆಸಿಡ್ ಕೂಡ ತಗಡನ್ನು ತಿನ್ನುತ್ತದೆ.

ರಿಪೇರಿ

ಥ್ರೆಡ್ ಬರೀ ಕೊಳಕಾಗಿದ್ದು ಎಳೆಗಳು ಪೂರ್ತಿ ಇದ್ದರೆ ಸರಿಯಾದ ಪಿಚ್ಚಿನ ಟ್ಯಾಪ್ (ಎಳೆ ಕೊರೆಯುವ ಉಪಕರಣ) ಅನ್ನು ಕೈಯಲ್ಲಿ ಹಾಯಿಸಿ, ಹೊಸ ಬೋಲ್ಟ್ ಹಾಕಿದರೆ ಸಾಕು. ಎಳೆ ಕಿತ್ತುಹೋಗಿದ್ದರೆ ನನ್ನ ಆಯ್ಕೆ ಯಾವಾಗಲೂ ಹೊಸ ವೆಲ್ಡ್ ನಟ್. ಇರುವ ನಟ್ಟನ್ನೇ ದೊಡ್ಡದಾಗಿ ಕೊರೆದು ಮೇಲಿನ ಅಳತೆಯ ಬೋಲ್ಟ್ ಹಾಕುವುದು ಸುಲಭ. ಆದರೆ ನಟ್ಟಿನ ಗೋಡೆ ತೆಳುವಾಗುತ್ತದೆ, ರೈಲಿನ ತೂತನ್ನೂ ಹಿಗ್ಗಿಸಬೇಕಾಗುತ್ತದೆ.

ಮುಚ್ಚಿದ ತೊಲೆಯೊಳಗೆ ಹೊಸ ನಟ್ ಕೂರಿಸಲು ತೊಲೆಯ ಪಕ್ಕದ ಗೋಡೆಯಲ್ಲಿ ಕಿಟಕಿ ಕತ್ತರಿಸಬೇಕು. ಮೂಲೆಗಳನ್ನು ದುಂಡಗೆ ಕತ್ತರಿಸಿ, ಬಾಗಿದ ಅಂಚಿನ ಹತ್ತಿರ ಹೋಗಬೇಡಿ. ನಟ್ಟನ್ನು ನೇರ ತಗಡಿಗೆ ವೆಲ್ಡ್ ಮಾಡುವ ಬದಲು, ಹೊರಗೇ 3 ಮಿಮೀ ಪ್ಲೇಟಿಗೆ ವೆಲ್ಡ್ ಮಾಡಿ, ಆ ಪ್ಲೇಟನ್ನು ಒಳಗೆ ಕೂರಿಸಿ. ನಂತರ ಕಿಟಕಿಯನ್ನು ಅಷ್ಟೇ ದಪ್ಪದ ತಗಡಿನಿಂದ ಪೂರ್ತಿ ಮುಚ್ಚಿ.

ಪ್ಲೇಟಿನ ಅಳತೆಗೆ ಅಂತರರಾಷ್ಟ್ರೀಯ ಮೋಟಾರ್ ರೇಸಿಂಗ್ ನಿಯಮಗಳಲ್ಲಿ ಒಳ್ಳೆಯ ಆಧಾರ ಇದೆ. ಅಲ್ಲಿ ಸೀಟು ಬಿಗಿಯುವ ಪ್ರತಿ ಬಿಂದುವಿಗೆ ಕನಿಷ್ಠ 3 ಮಿಮೀ ಉಕ್ಕಿನ ಪ್ಲೇಟು, ಕನಿಷ್ಠ 40 ಚದರ ಸೆಂಮೀ ಸಂಪರ್ಕ ಇರಬೇಕು. ಅಂದರೆ ಹೆಚ್ಚುಕಡಿಮೆ ಆರೂವರೆ ಸೆಂಮೀ ಚೌಕ. ನಾನು ಮೂಲೆಗಳನ್ನು ದುಂಡು ಮಾಡಿ, ಜಾಗವಿದ್ದರೆ ಇನ್ನೂ ದೊಡ್ಡದೇ ಇಡುತ್ತೇನೆ. ಹಳೇ ಪ್ಲೇಟು ಮುಗಿದ ಗೆರೆಯಲ್ಲೇ ಹೊಸದೂ ಮುಗಿಯಬಾರದು. ಮುಗಿದರೆ ಬಿರುಕು ಮತ್ತೆ ಅಲ್ಲೇ ಬರುತ್ತದೆ.

ಬಿರುಕು ಮಾತ್ರ ಇದ್ದರೆ ಅದರ ಎರಡೂ ತುದಿಯಲ್ಲಿ 3 ಮಿಮೀ ತೂತು ಕೊರೆಯಿರಿ. ಬಿರುಕನ್ನು ವೆಲ್ಡ್ ಮಾಡಿ, ಸಮ ಮಾಡಿ, ಮೇಲೆ ಬಲಪಡಿಸುವ ಪ್ಲೇಟ್ ಹಾಕಿ. ಬಿರುಕಿನ ಮೇಲೆ ಸುಮ್ನೆ ಒಂದು ಗೆರೆ ವೆಲ್ಡ್ ಎಳೆದು ಬಿಟ್ಟರೆ ಪಕ್ಕದಲ್ಲೇ ಇನ್ನೊಂದು ಬಿರುಕು ಹುಟ್ಟುತ್ತದೆ.

ಕೊಳೆತ ತಗಡಾದರೆ ಹೊಳೆಯುವ, ಪೂರ್ತಿ ದಪ್ಪದ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ತುಕ್ಕಿನ ಮೇಲೆ ತೇಪೆ ಬೇಡ. ಕತ್ತರಿಸುವ ಮೊದಲು ನಾಲ್ಕೂ ಬೋಲ್ಟಿನ ಜಾಗವನ್ನು ಒಂದು ಕಬ್ಬಿಣದ ಪಟ್ಟಿಗೆ ಇಳಿಸಿಕೊಳ್ಳಿ, ಕರ್ಣಗಳನ್ನು ಅಳೆದು ಬರೆದಿಡಿ. ಸೀಟಿನ ರೈಲುಗಳನ್ನೇ ಗಟ್ಟಿ ಇರುವ ಬಿಂದುಗಳಿಗೆ ಬಿಗಿದು, ಹೊಸ ನಟ್ಟನ್ನು ರೈಲಿಗೇ ತೂಗುಹಾಕಿ ಅಲ್ಲಲ್ಲಿ ಟ್ಯಾಕ್ (ತಾತ್ಕಾಲಿಕ ಸಣ್ಣ ವೆಲ್ಡ್) ಮಾಡುವುದು ಇನ್ನೂ ಒಳ್ಳೆಯದು. ಟ್ಯಾಕ್ ಆದ ಮೇಲೆ ರೈಲುಗಳನ್ನು ಹೊರಗೆ ತೆಗೆದು ಪೂರ್ತಿ ವೆಲ್ಡ್ ಮಾಡಿ.

ಇಷ್ಟು ತೆಳು ತಗಡಿಗೆ ಮಿಗ್ (ಯಂತ್ರವೇ ತಂತಿ ಒದಗಿಸುವ ವಿದ್ಯುತ್) ವೆಲ್ಡಿಂಗ್, 0.6 ಅಥವಾ 0.8 ಮಿಮೀ ತಂತಿ ಸರಿ. ಚಿಕ್ಕ ಚಿಕ್ಕ ತುಂಡಾಗಿ, ಜಾಗ ಬದಲಿಸುತ್ತಾ ಹಾಕಿ. ಗ್ಯಾಸ್ ವೆಲ್ಡಿಂಗಿನ ಕಾವು ಹರಡಿ ಫ್ಲೋರನ್ನು ಸೊಟ್ಟ ಮಾಡುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಕಳಚಿ. ಅಡಿಯಲ್ಲಿ ಹಾದುಹೋಗುವ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ವೈರುಗಳನ್ನು ಸರಿಸಿ. ಟಾರಿನ ಹಾಳೆ ಹೊತ್ತಿಕೊಳ್ಳುತ್ತದೆ, ಪೂರ್ತಿ ಕಿತ್ತಿರಬೇಕು. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಇನ್ನೊಬ್ಬರು ಅಡಿಯನ್ನೇ ನೋಡುತ್ತಿರಬೇಕು. ಸತುವಿನ ಲೇಪ ಇರುವ ತಗಡಿನ ಹೊಗೆ ವಿಷ, ಗಾಳಿ ಆಡುವಲ್ಲಿ ಕೆಲಸ ಮಾಡಿ.

ವೆಲ್ಡ್ ಮಾಡಲಾಗದ ಕಡೆ ಅಡಿಯಲ್ಲಿ ದೊಡ್ಡ ಪ್ಲೇಟಿಟ್ಟು ಆರಪಾರ ಬೋಲ್ಟ್ ಹಾಕಬಹುದು. ಸುತ್ತಲಿನ ತಗಡು ಗಟ್ಟಿ ಇದ್ದರೆ ಮಾತ್ರ. ಬೋಲ್ಟ್ ಟೊಳ್ಳು ತೊಲೆಯ ಮೂಲಕ ಹಾದುಹೋಗುವುದಾದರೆ ಒಳಗೆ ಉಕ್ಕಿನ ಕೊಳವೆ ಇಡಿ. ಇಲ್ಲದಿದ್ದರೆ ಬಿಗಿ ಮಾಡಿದಾಗ ತೊಲೆಯೇ ಚಪ್ಪಟೆಯಾಗುತ್ತದೆ, ಬಿಗಿ ನಿಲ್ಲುವುದಿಲ್ಲ.

ತಗಡಿನ ತೂತಿಗೆ ಒತ್ತಿ ಕೂರಿಸುವ ರಿವೆಟ್ ನಟ್, ಕೊರೆದುಕೊಂಡು ಹೋಗುವ ಸ್ಕ್ರೂ, ಎಪಾಕ್ಸಿ, ಫೈಬರ್ ತೇಪೆ ಇವು ಯಾವುವೂ ಸೀಟಿನ ಬುಡಕ್ಕೆ ತಕ್ಕವಲ್ಲ. ದೊಡ್ಡ ವಾಷರ್ ಒಂದೇ ಹಾಕುವುದೂ ಅಷ್ಟೇ.

ಬಿರುಕು ಬಾಗಿಲ ಕೆಳಗಿನ ತೊಲೆಗೋ ಫ್ಲೋರಿನ ನಡುವೆ ಉದ್ದಕ್ಕೂ ಉಬ್ಬಿರುವ ಸುರಂಗಕ್ಕೋ ಹಬ್ಬಿದ್ದರೆ, ಅಥವಾ ಎರಡಕ್ಕಿಂತ ಜಾಸ್ತಿ ಬಿಂದುಗಳು ಕೊಳೆತಿದ್ದರೆ, ಬಾಡಿ ಅಳೆಯುವ ಸಲಕರಣೆ ಇರುವ ಟಿಂಕರಿಂಗ್ ಕೆಲಸದವರಿಗೆ ಕೊಡಿ. ಹೆಚ್ಚು ಬಲದ ಉಕ್ಕು ಬಳಸಿದ ಕಾರುಗಳಲ್ಲೂ ಹಾಗೆಯೇ. ಆ ಉಕ್ಕು ಅತಿ ಕಾವಿಗೆ ಬಲ ಕಳೆದುಕೊಳ್ಳುತ್ತದೆ, ಎಲ್ಲಿ ವೆಲ್ಡ್ ಮಾಡಬಹುದು ಎಂದು ತಯಾರಕರ ಕೈಪಿಡಿಯೇ ಹೇಳಬೇಕು.

ಮತ್ತೆ ಜೋಡಿಸುವುದು

ಪೇಂಟ್ ಒಳಗೆ ಹೋಗದಂತೆ ಥ್ರೆಡ್ಡಿಗೆ ಹಳೇ ಬೋಲ್ಟ್ ಸಿಕ್ಕಿಸಿ, ಬರಿ ಲೋಹಕ್ಕೆ ಎಪಾಕ್ಸಿ ಪ್ರೈಮರ್, ಜೋಡಣೆಗಳಿಗೆ ಸೀಲರ್, ಮೇಲೆ ಪೇಂಟ್ ಹಾಕಿ. ಮುಚ್ಚಿದ ತೊಲೆಯೊಳಗೆ ಮೇಣದಂಥ ತುಕ್ಕುನಿರೋಧಕ ಸಿಂಪಡಿಸಿ. ಇದು ಬಿಟ್ಟರೆ ವೆಲ್ಡಿನ ಹಿಂಬದಿ ಬೇಗ ತುಕ್ಕು ಹಿಡಿಯುತ್ತದೆ. ಸೀಟಿನ ಪಾದ ಕೂರುವ ಜಾಗದಲ್ಲಿ ಪೇಂಟ್ ತೆಳುವಾಗಿರಲಿ. ದಪ್ಪ ಪೇಂಟ್ ಕಾಲಕ್ರಮೇಣ ನಲುಗಿ ಬೋಲ್ಟ್ ಸಡಿಲವಾಗುತ್ತದೆ.

ನಾಲ್ಕೂ ಬೋಲ್ಟನ್ನು ಮೊದಲು ಕೈಬೆರಳಿನಿಂದಲೇ ಕೂರಿಸಿ. ಬೆರಳಿಗೆ ಹೋಗದ ಬೋಲ್ಟನ್ನು ಸ್ಪ್ಯಾನರಿನಿಂದ ನುಗ್ಗಿಸಬೇಡಿ. ಸೀಟನ್ನು ಹಿಂದಕ್ಕೆ ಮುಂದಕ್ಕೆ ಪೂರ್ತಿ ಸರಿಸಿ, ಎರಡೂ ಬದಿಯ ಲಾಕ್ ಒಟ್ಟಿಗೆ ಬೀಳುತ್ತದೆಯೇ ನೋಡಿ, ಆಮೇಲೆ ಬಿಗಿ ಮಾಡಿ. ಟಾರ್ಕ್ (ಬಿಗಿ ಮಾಡುವ ತಿರುಚು ಬಲ) ಎಷ್ಟು ಎನ್ನುವುದಕ್ಕೆ ಕಾರಿನ ಕೈಪಿಡಿಯೇ ಪ್ರಮಾಣ. ಅಂದಾಜಿಗೆ ಹೇಳುವುದಾದರೆ 8.8 ದರ್ಜೆಯ ಎಂ8ಕ್ಕೆ 25, ಎಂ10ಕ್ಕೆ 40ರಿಂದ 50 ನ್ಯೂಟನ್ ಮೀಟರ್ ಆಸುಪಾಸು. ಮಧ್ಯಮ ಬಲದ ಥ್ರೆಡ್ ಅಂಟು ಹಾಕಬಹುದು. ಟಾರ್ಕ್ ಹತ್ತುವ ಮುನ್ನವೇ ಕೈಗೆ ಮೆತ್ತಗೆ ಅನಿಸಿದರೆ ನಿಲ್ಲಿಸಿ, ಎಲ್ಲೋ ಲೋಹ ಎಳೆದುಕೊಳ್ಳುತ್ತಿದೆ.

ಬೋಲ್ಟಿನ ತಲೆಯಿಂದ ಪಾದದ ಮೇಲೆ, ಅಲ್ಲಿಂದ ಫ್ಲೋರಿನ ಮೇಲೆ ಒಂದೇ ಗೆರೆ ಬರುವಂತೆ ಪೇಂಟ್ ಗುರುತು ಹಾಕಿ. ಕೆಲವು ವಾರ ಓಡಿಸಿದ ಮೇಲೆ ಗುರುತು ನೋಡಿ. ತಲೆ ತಿರುಗಿದ್ದರೆ ಬೋಲ್ಟ್ ಸಡಿಲವಾಗಿದೆ. ತಲೆ ತಿರುಗದೆ ಪಾದ ಮತ್ತು ಫ್ಲೋರಿನ ನಡುವೆ ಮಾತ್ರ ಗೆರೆ ಮುರಿದಿದ್ದರೆ ಪಾದ ಸರಿದಿದೆ, ಬಿಗಿ ಸಾಕಾಗಿಲ್ಲ ಅಥವಾ ತೂತು ಹಿಗ್ಗಿದೆ. ಗೆರೆ ನೇರವಾಗಿದ್ದರೂ ಅದರ ಪಕ್ಕದ ಪೇಂಟ್ ಸಣ್ಣಗೆ ಸೀಳಿದ್ದರೆ ತಗಡು ಇನ್ನೂ ಬಾಗುತ್ತಿದೆ, ಪ್ಲೇಟು ಚಿಕ್ಕದಾಯಿತು. ಕಾರ್ಪೆಟ್ಟನ್ನು ಅಲ್ಲಿಯವರೆಗೆ ಅಂಟಿಸಬೇಡಿ. ಒಂದು ಜೋರು ಮಳೆ ಆಗಲಿ, ಸ್ಪಂಜಿನ ಕೆಳಗೆ ಕೈ ಹಾಕಿ ಒಣಗಿದೆ ಎಂದು ಖಾತ್ರಿಯಾದ ಮೇಲೆ ಅಂಟಿಸಿ.